ತೇಗಕ್ಕೆ ಯೂರಿಯಾ ಬೇಡ ಭಾವ

ಭಾವ, ಮೊಬೈಲಿನಲ್ಲಿ ಕುಟ್ಟುತ್ತ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳಿ ಕಳುಹಿಸುತ್ತಿದ್ದೇನೆ. ಗೋವಾದ ಫೋಂಡಾದ ಮನೆಯ ಹಿಂದಿನ ತೇಗದ ಗಿಡಗಳಿಗೆ ತಿಂಗಳು ತಿಂಗಳು ಯೂರಿಯಾ ಹಾಕಿದರೆ ದಿಮ್ಮಿ ಬೇಗ ಬಲಿಯುತ್ತದೆಯೇ ಎಂದು ಕೇಳಿದ್ದೀರಿ. ಹಾಕಬೇಡಿ. ಎಲೆ ಮೊರದಗಲವಾಗುತ್ತದೆ, ಅದನ್ನು ನೋಡಿ ನಿಮ್ಮ ಮುಖವೂ ಮೊರದಗಲವಾಗುತ್ತದೆ. ಮರ ಗಟ್ಟಿಯಾಗುವ ಲೆಕ್ಕವೇ ಬೇರೆ.

ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅದು ಗಾಳಿಯಿಂದ ಬಂದದ್ದು. ಬಚ್ಚಲೊಲೆಗೆ ನೂರು ಕಿಲೊ ಸೌದೆ ಒಟ್ಟಿದರೆ ಉಳಿಯುವ ಬೂದಿ ಒಂದೆರಡು ಕಿಲೊ. ಮಣ್ಣಿನಿಂದ ಮೇಲೆ ಬಂದ ಖನಿಜ ಹೆಚ್ಚುಕಡಿಮೆ ಅಷ್ಟೇ, ಆದರೆ ಅಷ್ಟರಲ್ಲೇ ಎಲ್ಲ ಇದೆ.

ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳು ಪದರವಿದೆ. ಅದರ ಕೋಶಗಳು ಒಂದು ಎರಡಾಗಿ ಒಳಮುಖವಾಗಿ ಮರ ಕಟ್ಟುತ್ತ ಹೋಗುತ್ತವೆ. ಹೊಸ ಕೋಶ ಮೊದಲು ಹಿಗ್ಗಬೇಕು. ಪೊಟ್ಯಾಸಿಯಂ ಒಳಗೆ ಸೇರಿ ನೀರನ್ನು ಎಳೆದುಕೊಂಡಾಗಲೇ ಅದು ಹಿಗ್ಗುವುದು. ಪಾಪ್ಲರ್ ಎಂಬ ಬೇಗ ಬೆಳೆಯುವ ಮರದ ಗಿಡಗಳಿಗೆ ಪೊಟ್ಯಾಸಿಯಂ ಕಡಿಮೆ ಮಾಡಿ ನೋಡಿದ್ದಾರೆ, ನೀರು ಸಾಗಿಸುವ ನಾಳಗಳೇ ಕಿರಿದಾದವು. ಕ್ಯಾಲ್ಸಿಯಂ ಮತ್ತು ಬೋರಾನ್ ಕೋಶದ ಗೋಡೆಯಲ್ಲಿನ ಪೆಕ್ಟಿನ್ ಎಂಬ ಅಂಟನ್ನು ಬಿಗಿಯುತ್ತವೆ. ಕೊನೆಗೆ ಗೋಡೆಗೆ ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ತುಂಬಬೇಕು, ಆ ಕೆಲಸ ಮಾಡುವ ಲ್ಯಾಕೇಸ್ ಕಿಣ್ವಕ್ಕೆ ತಾಮ್ರ ಬೇಕೇ ಬೇಕು. ತಾಮ್ರ ಸಾಲದ ಪೈನ್ ಮರಗಳ ಕಾಂಡ ಸೊಟ್ಟಗಾಗುತ್ತದೆ, ಕೊಂಬೆ ಜೋತು ಬೀಳುತ್ತದೆ. ಯೂರಿಯಾ ಹಾಕಿ ಸಾರಜನಕವನ್ನೇ ಸುರಿದರೆ? ಅದೇ ಪಾಪ್ಲರ್‌ನಲ್ಲಿ ನಾಳ ಅಗಲವಾಗಿ, ನಾರಿನ ಗೋಡೆ ತೆಳ್ಳಗಾಗಿ, ಮರ ಹಗುರಾಯಿತು. ಮೇಲಾಗಿ ಬೆಳವಣಿಗೆ ಓಡಿದಷ್ಟೂ ಇರುವ ಚೂರು ತಾಮ್ರ, ಬೋರಾನ್ ಸಾಲದೆ ಹೋಗುತ್ತದೆ.

ಇನ್ನು ನಿಮ್ಮ ಮಣ್ಣು. ನಮ್ಮ ಪುಣೆಯ ಕಪ್ಪು ಮಣ್ಣಿನಲ್ಲಿ ಸುಣ್ಣಕ್ಕೆ, ಅಂದರೆ ಕ್ಯಾಲ್ಸಿಯಂಗೆ, ಬರವಿಲ್ಲ. ಗೋವಾದ ಜಂಬಿಟ್ಟಿಗೆ ಮಣ್ಣಿನಲ್ಲಿ ನಾಲ್ಕು ತಿಂಗಳ ಮಳೆ ಸುಣ್ಣ, ಪೊಟ್ಯಾಷ್ (ಅದೇ ಪೊಟ್ಯಾಸಿಯಂ) ಎಲ್ಲವನ್ನೂ ತೊಳೆದುಕೊಂಡು ಹೋಗಿ ಹುಳಿ, ಅಂದರೆ ಆಮ್ಲ ಗುಣ, ಉಳಿಸುತ್ತದೆ. ತೇಗವೋ ಸುಣ್ಣ ಬೇಡುವ ಮರ. ಯೂರಿಯಾ ಆ ಹುಳಿಯನ್ನು ಇನ್ನಷ್ಟು ಏರಿಸುತ್ತದೆ. ಅದರಲ್ಲಿರುವ 46 ಶೇಕಡಾ ಸಾರಜನಕದಲ್ಲಿ ಮಳೆಗೆ ಕೊಚ್ಚಿ ಹೋಗುವ ಪಾಲೂ ಕಡಿಮೆಯಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಬೋರಾನ್ ಮತ್ತು ತಾಮ್ರವೂ ಸೇರಿ. ತೋಟದ ನಾಲ್ಕಾರು ಕಡೆಯಿಂದ, ಗೊಬ್ಬರದ ಗುಂಡಿ ಮತ್ತು ಬೇಲಿಯ ಅಂಚು ಬಿಟ್ಟು ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಕೊಡಿ. ಹುಳಿ ಇದ್ದರೆ ಸುಣ್ಣ, ಅದರ ಮೇಲೆ ಪೊಟ್ಯಾಷ್. ಬೋರಾನ್ ಮಾತ್ರ ಅಂದಾಜಿಗೆ ಹಾಕಬೇಡಿ. ಸ್ವಲ್ಪ ಹೆಚ್ಚಾದರೂ ಎಲೆಯ ಅಂಚು ಸುಡುತ್ತದೆ.

ಅಂದಹಾಗೆ ಅಣ್ಣ ಕೇಳಿದ್ದ, ತೇಗ ಕೊಯ್ದರೆ ಗರಗಸದ ಹಲ್ಲು ಯಾಕೆ ಬೇಗ ಮೊಂಡಾಗುತ್ತದೆ ಎಂದು. ಅದೂ ಖನಿಜದ್ದೇ ಕೆಲಸ: ಆ ಮರದೊಳಗೆ ಸಿಲಿಕಾ ಇರುತ್ತದೆ.

ತಂದಿಟ್ಟ ಯೂರಿಯಾ ಚೀಲವನ್ನು ಪಕ್ಕದ ಗದ್ದೆಯವರಿಗೆ ಕೊಟ್ಟುಬಿಡಿ, ತೇವಕ್ಕೆ ಗಡ್ಡೆ ಕಟ್ಟುವ ಮೊದಲು.