ಲೇಸರ್ ಪ್ರಿಂಟರ್: ಒಂದೇ ಚುಕ್ಕೆ ಮತ್ತೆ ಮತ್ತೆ, ಹಾಳೆಯೆಲ್ಲ ಬೂದು. ಹೊಸ ಕಾರ್ಟ್ರಿಡ್ಜ್ ಹಾಕಬೇಕಾ?

ಪ್ರಶ್ನೆ:
ನನ್ನದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ಡ್ರಮ್ (ಚಿತ್ರವನ್ನು ಹಾಳೆಗೆ ದಾಟಿಸುವ ಉರುಳೆ), ಟೋನರ್ (ಕಪ್ಪು ಪುಡಿ) ಎರಡೂ ಒಂದೇ ಕಾರ್ಟ್ರಿಡ್ಜ್‌ನಲ್ಲಿರುವ ಮಾಡೆಲ್. ಈಚೆಗೆ ಟೋನರ್ ರೀಫಿಲ್ ಮಾಡಿಸಿದೆ. ಆಮೇಲಿಂದ ಹಾಳೆಯೆಲ್ಲ ತೆಳುವಾಗಿ ಬೂದು ಬಳಿದ ಹಾಗೆ ಬರುತ್ತಿದೆ. ಈಗ ಎಡಗಡೆ ಒಂದು ಕಪ್ಪು ಚುಕ್ಕೆಯೂ ಶುರುವಾಗಿದೆ. ಮೇಲಿಂದ ಕೆಳಗಿನ ತನಕ ಅದೇ ಚುಕ್ಕೆ. ದಪ್ಪ ಹಾಳೆ ಹಾಕಿದರೆ ಅಕ್ಷರ ಉಜ್ಜಿದಾಗ ಕಿತ್ತು ಬರುತ್ತದೆ. ಹೊಸ ಕಾರ್ಟ್ರಿಡ್ಜ್ ಹಾಕಿದರೆ ಮೂರೂ ಸರಿಹೋಗುತ್ತಾ?

ಉತ್ತರ:
ಮೂರೂ ಹೋಗಲ್ಲ ಸರ್. ಇವು ಮೂರು ಬೇರೆ ಬೇರೆ ತೊಂದರೆ. ದುಡ್ಡು ಹಾಕುವ ಮೊದಲು ಒಂದು ಸ್ಕೇಲ್ ತಗೊಳ್ಳಿ.

ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಎಷ್ಟು ದೂರ ಅಂತ ಅಳೆಯಿರಿ. ಒಳಗೆ ಸುತ್ತುವ ಯಾವ ಭಾಗಕ್ಕೆ ಏನೇ ಅಂಟಿದ್ದರೂ ಅದು ಒಂದು ಸುತ್ತಿಗೆ ಒಂದು ಸಲ ಹಾಳೆಯ ಮೇಲೆ ಬೀಳುತ್ತದೆ. 24 ಮಿ.ಮೀ. ವ್ಯಾಸದ ಡ್ರಮ್ ಆದರೆ ಸುಮಾರು 75 ಮಿ.ಮೀ.ಗೆ ಒಂದು ಚುಕ್ಕೆ. 30 ಮಿ.ಮೀ. ಡ್ರಮ್ ಆದರೆ 94. ಅದಕ್ಕಿಂತ ತುಂಬಾ ಹತ್ತಿರ ಹತ್ತಿರ ಬಿದ್ದರೆ ಯಾವುದೋ ಸಣ್ಣ ರೋಲರ್. ದೂರಕ್ಕೆ ಲೆಕ್ಕವೇ ಇಲ್ಲದೆ ಎಲ್ಲೆಂದರಲ್ಲಿ ಬಿದ್ದಿದ್ದರೆ ಒಳಗೆ ಚೆಲ್ಲಿದ ಟೋನರ್ ಪುಡಿ ಇರಬಹುದು.

ದಪ್ಪ ಹಾಳೆಯದ್ದು ಸುಲಭ. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಫ್ಯೂಸರ್ ಅದನ್ನು ಕರಗಿಸಿ ಹಾಳೆಗೆ ಒತ್ತುತ್ತದೆ. ದಪ್ಪ ಹಾಳೆ ಜಾಸ್ತಿ ಶಾಖ ಕುಡಿಯುತ್ತದೆ. ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ‘ಪ್ಲೇನ್’ ಅಂತಲೇ ಇದ್ದರೆ ಪ್ರಿಂಟರ್‌ಗೆ ಅದು ಗೊತ್ತಾಗಲ್ಲ. ಅಲ್ಲಿ ‘ಥಿಕ್’ ಆರಿಸಿ ನೋಡಿ. ಮಾಮೂಲಿ ಒಣ ಹಾಳೆಯಲ್ಲೂ ಕಿತ್ತು ಬಂದರೆ ಮಾತ್ರ ಫ್ಯೂಸರ್ ಮೇಲೆ ಅನುಮಾನಪಡಿ.

ಪ್ರಶ್ನೆ:
‘ಥಿಕ್’ ಮಾಡಿದೆ, ಅಕ್ಷರ ಗಟ್ಟಿಯಾಗಿ ಕೂತಿದೆ. ಚುಕ್ಕೆಗಳ ನಡುವೆ ಸರಿಯಾಗಿ 75 ಮಿ.ಮೀ. ಇದೆ.

ಉತ್ತರ:
ಹಾಗಾದರೆ ಡ್ರಮ್ಮೇ. ನಡುವೆ ಸ್ಟಿಕ್ಕರ್ ಹಾಳೆ ಏನಾದರೂ ಹಾಕಿದ್ರಾ? ಅದರ ಗೋಂದು ಡ್ರಮ್‌ಗೆ ಅಂಟಿಕೊಂಡರೆ ಹೀಗೇ ಆಗುತ್ತದೆ. ಅದರಲ್ಲೂ ಒಂದೆರಡು ಸ್ಟಿಕ್ಕರ್ ಕಿತ್ತ ಹಾಳೆಯನ್ನು ಮತ್ತೆ ಹಾಕಲೇಬಾರದು.

ಕಾರ್ಟ್ರಿಡ್ಜ್ ಹೊರಗೆ ತೆಗೆದು, ಕೆಳಗಿನ ಸ್ಪ್ರಿಂಗ್ ಮುಚ್ಚಳ ಎತ್ತಿದರೆ ಹೊಳೆಯುವ ಹಸಿರು ಅಥವಾ ನೀಲಿ ಉರುಳೆ ಕಾಣುತ್ತದೆ. ಅದೇ ಡ್ರಮ್. ಚುಕ್ಕೆ ಬಿದ್ದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡರೆ ಎಡ ಅಂಚಿನಿಂದ ಎಷ್ಟು ದೂರದಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ತುದಿಯ ಗಿಯರ್ ಹಿಡಿದು, ಅದು ಮಾಮೂಲಿಯಾಗಿ ಸುತ್ತುವ ದಿಕ್ಕಿಗೇ ನಿಧಾನಕ್ಕೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಡ್ರಮ್ ಮೇಲೆ ಉಳಿದ ಪುಡಿ ಕೆರೆಯುವ ಒಳಗಿನ ವೈಪರ್ ಬ್ಲೇಡ್ ಮಡಚಿಕೊಳ್ಳಬಹುದು. ಸಾಸಿವೆಗಿಂತ ಚಿಕ್ಕ ಕಲೆ ಸಿಕ್ಕೀತು. ಒಣಗಿದ ಹತ್ತಿ ಕಡ್ಡಿಯಲ್ಲಿ ಮೆಲ್ಲಗೆ ಒರೆಸಿ. ಉಗುರು, ಬ್ಲೇಡ್, ಸ್ಪಿರಿಟ್ ಯಾವುದೂ ಬೇಡ. ಬರಿಗೈಯಲ್ಲಿ ಡ್ರಮ್ ಮುಟ್ಟಬೇಡಿ, ಬಿಸಿಲಿಗಂತೂ ಹಿಡಿಯಲೇಬೇಡಿ. ಕೆಲಸ ನಿಲ್ಲಿಸಿ ಎದ್ದು ಹೋಗುವುದಾದರೆ ಬಟ್ಟೆ ಮುಚ್ಚಿಡಿ. ಒರೆಸಿದರೂ ಗುರುತು ಹೋಗದಿದ್ದರೆ ಅದು ಗೀರು. ಆಗ ಡ್ರಮ್ ಬದಲಿಸದೆ ದಾರಿಯಿಲ್ಲ.

ಇನ್ನೊಬ್ಬರು:
ಮಧ್ಯೆ ಬಾಯಿ ಹಾಕ್ತಿದೀನಿ. ನನ್ನ ಆಲ್-ಇನ್-ಒನ್‌ನಲ್ಲಿ ಜೆರಾಕ್ಸ್ ತೆಗೆದಾಗ ಮಾತ್ರ ಉದ್ದಕ್ಕೆ ಕಪ್ಪು ಗೆರೆ ಬರುತ್ತದೆ. ಕಂಪ್ಯೂಟರ್‌ನಿಂದ ಕೊಟ್ಟರೆ ಚೆನ್ನಾಗೇ ಇದೆ. ಡ್ರಮ್ಮಾ?

ಉತ್ತರ:
ಅಲ್ಲ. ಕಂಪ್ಯೂಟರ್‌ನಿಂದ ಚೆನ್ನಾಗಿ ಬರುತ್ತಿದೆ ಅಂದ ಮೇಲೆ ಕಾರ್ಟ್ರಿಡ್ಜ್ ತಂಟೆಗೇ ಹೋಗಬೇಡಿ. ಮೇಲಿನ ಫೀಡರ್‌ನಲ್ಲಿ ಹಾಳೆ ಹಾಕುತ್ತೀರಲ್ವಾ? ಸ್ಕ್ಯಾನರ್ ಮುಚ್ಚಳ ಎತ್ತಿದರೆ ದೊಡ್ಡ ಗಾಜಿನ ಪಕ್ಕ ಬೆರಳಗಲದ ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ವೈಟ್ನರ್ ಚೂರೋ, ಇಂಕೋ ಇದೆ. ಕಣ್ಣಿಗೆ ಕಾಣದಿದ್ದರೂ ಬೆರಳಾಡಿಸಿದರೆ ತಟ್ಟುತ್ತದೆ. ಒರೆಸಿ, ಗೆರೆ ಹೋಗುತ್ತದೆ.

ಪ್ರಶ್ನೆ:
ಸ್ಟಿಕ್ಕರ್ ಹಾಕಿದ್ದೆ ಸರ್, ನಿಜ. ಚುಕ್ಕೆ ಒರೆಸಿದ ಮೇಲೆ ಹೋಯಿತು. ಬೂದು ಮಾತ್ರ ಹಾಗೇ ಇದೆ.

ಉತ್ತರ:
ಬೂದು ರೀಫಿಲ್ ಆದ ಮೇಲೆ ಶುರುವಾಗಿದ್ದು ಅಂದಿರಿ, ಅಲ್ಲೇ ಹುಡುಕಬೇಕು. ಡ್ರಮ್‌ಗೆ ಮೊದಲು ಚಾರ್ಜಿಂಗ್ ರೋಲರ್ ಒಂದೇ ಸಮನೆ ವಿದ್ಯುತ್ ಚಾರ್ಜ್ ಕೊಡುತ್ತದೆ. ಲೇಸರ್ ಬಿದ್ದ ಕಡೆ ಅದು ಇಳಿಯುತ್ತದೆ, ಟೋನರ್ ಅಲ್ಲಿ ಮಾತ್ರ ಕೂರಬೇಕು. ರೋಲರ್ ಕೊಳೆಯಾಗಿ ಚಾರ್ಜ್ ಸರಿಯಾಗಿ ಕೂರದಿದ್ದರೆ, ಅಥವಾ ಬೇರೆ ಮಾಡೆಲ್‌ನ ಪುಡಿ ತುಂಬಿದ್ದರೆ, ಖಾಲಿ ಜಾಗಕ್ಕೂ ಒಂಚೂರು ಟೋನರ್ ಹತ್ತುತ್ತದೆ. ಡ್ರಮ್ ಸವೆದಿದ್ದರೂ ಹೀಗೇ, ಆದರೆ ಅದು ದಿಢೀರ್ ಅಂತ ಆಗುವುದಿಲ್ಲ.

ರೀಫಿಲ್ ಮಾಡಿದವರಿಗೇ ಕಾರ್ಟ್ರಿಡ್ಜ್ ವಾಪಸ್ ಕೊಟ್ಟು ಮೂರು ವಿಷಯ ಕೇಳಿ. ವೇಸ್ಟ್ ಟೋನರ್, ಅಂದರೆ ಆ ಬ್ಲೇಡ್ ಕೆರೆದು ಕೂಡಿಟ್ಟ ಹಳೆ ಪುಡಿ, ಖಾಲಿ ಮಾಡಿದ್ರಾ? ಚಾರ್ಜಿಂಗ್ ರೋಲರ್ ಒರೆಸಿದ್ರಾ? ಹಾಕಿದ ಪುಡಿ ಇದೇ ಮಾಡೆಲ್‌ದಾ? ಎಷ್ಟೋ ಜನ ಸುಮ್ನೆ ತೂತು ಮಾಡಿ ಪುಡಿ ಸುರಿದು ಕೊಡುತ್ತಾರೆ. ಅಲ್ಲಿಯವರೆಗೆ ಡೆನ್ಸಿಟಿ (ಪ್ರಿಂಟ್ ಎಷ್ಟು ಕಪ್ಪಗೆ ಬರಬೇಕು ಅನ್ನೋ) ಸೆಟ್ಟಿಂಗ್ ಸ್ವಲ್ಪ ಇಳಿಸಿಕೊಳ್ಳಿ, ಬೂದು ಕಮ್ಮಿ ಕಾಣುತ್ತದೆ, ಅಷ್ಟೇ.

ಇನ್ನೊಂದು ಮಾತು. ಚೆಲ್ಲಿದ ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಬೇಡಿ. ಪುಡಿ ಅಷ್ಟು ನುಣುಪು, ಫಿಲ್ಟರ್ ದಾಟಿ ಗಾಳಿಗೆ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈಗೆ ಹತ್ತಿದರೆ ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರು ಬೇಡ.