‘ದಿ ಎಕ್ಸ್‌ಪಾನ್ಸ್’ ಮುಗಿಯಿತು, ಇನ್ನು ಯಾವುದು?

ಡೊಂಬಿವಲಿಯ ಸೋದರಮಾವ ಕೇಳುತ್ತಾರೆ:

ನನ್ನ ಅಕ್ಕನ ಮಗಳು ಪಿಯುಸಿ ಮುಗಿಸಿ, ರಜೆಗೆಂದು ವಿಜಯಪುರದಿಂದ ಡೊಂಬಿವಲಿಗೆ ಬಂದಿದ್ದಾಳೆ. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಬಾಹ್ಯಾಕಾಶದ ಧಾರಾವಾಹಿಗಳನ್ನು ನೋಡುತ್ತೇವೆ, ನೋಡಿ ಮುಗಿದ ಮೇಲೆ ನಿದ್ದೆಗೆಡುವಷ್ಟು ವಾದ ಮಾಡುತ್ತೇವೆ. ನಾನು ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಪಕ್ಷದವನು. ಸ್ಟಾರ್ ಪ್ಲಸ್‌ನಲ್ಲಿ ಇಂಗ್ಲಿಷ್ ಕಾರ್ಯಕ್ರಮಗಳು ಬರುತ್ತಿದ್ದ ಕಾಲದಲ್ಲಿ ಹತ್ತಿದ ರುಚಿ ಇನ್ನೂ ಬಿಟ್ಟಿಲ್ಲ. ಅವಳಿಗೆ ‘ದಿ ಎಕ್ಸ್‌ಪಾನ್ಸ್’ ಮುಂದೆ ಉಳಿದದ್ದೆಲ್ಲ ಸಪ್ಪೆ.

ಮೊನ್ನೆ ನನ್ನ ಪಕ್ಷದ ಪರವಾಗಿ 1992ರ ‘ದಿ ಇನ್ನರ್ ಲೈಟ್’ ಕಂತನ್ನು ತೋರಿಸಿದೆ. ಯಾವುದೋ ಯಂತ್ರದ ಕಿರಣ ತಗುಲಿ ಕ್ಯಾಪ್ಟನ್ ಪಿಕಾರ್ಡ್ ಕುಸಿದು ಬೀಳುತ್ತಾನೆ. ಕಣ್ಣು ಬಿಟ್ಟರೆ ಬೇರೊಂದು ಗ್ರಹ, ಕಾಮಿನ್ ಎಂಬ ಹೆಸರು, ಪಕ್ಕದಲ್ಲಿ ಹೆಂಡತಿ. ಅಲ್ಲಿ ಮಕ್ಕಳಾಗುತ್ತಾರೆ, ಮೊಮ್ಮಗ ಹುಟ್ಟುತ್ತಾನೆ, ಮುಪ್ಪು ಬರುತ್ತದೆ. ಹಡಗಿನಲ್ಲಿ ಕಳೆದಿರುವುದು ಮಾತ್ರ 25 ನಿಮಿಷ. ಆ ಊರಿಗೆ ಬಿಡದ ಬರ. ಮಗಳು ಮಣ್ಣನ್ನು ಪರೀಕ್ಷಿಸಿ, ಈ ನೆಲ ಇನ್ನು ಬದುಕುವುದಿಲ್ಲ ಎಂಬುದನ್ನು ತಂದೆಯಂತೆ ತಾನೂ ಕಂಡುಕೊಂಡಿರುತ್ತಾಳೆ. ಬರ ಕಂಡು ಬೆಳೆದ ನಮ್ಮ ಹುಡುಗಿ ಆ ದೃಶ್ಯ ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ. ಆಮೇಲೆ ಕೇಳಿದಳು: “ಮಾಮ, ಮುಂದಿನ ಕಂತಿನಲ್ಲಿ ಇದೆಲ್ಲ ನಡೆದೇ ಇಲ್ಲವೆಂಬಂತೆ ಇರುತ್ತಾನೆಯೇ?” ಆ ಬದುಕಿನಲ್ಲಿ ನುಡಿಸುತ್ತಿದ್ದ ಕೊಳಲು ಅವನ ಬಳಿ ಉಳಿಯುತ್ತದೆ, ಮುಂದೆ ನುಡಿಸುತ್ತಾನೆ ಎಂದೆ. “ಒಂದು ಜನ್ಮ ಬದುಕಿ ಬಂದವನಿಗೆ ಅಷ್ಟು ಸಾಕೇ?” ಎಂದಳು.

ಅವಳ ಮಾತಿನಲ್ಲಿ ನ್ಯಾಯವಿದೆ. ಒಂದು ಕಂತಿನಲ್ಲಿ ಆದ ಗಾಯ ಮುಂದಿನ ಕಂತಿನಲ್ಲೂ ನೋಯಬೇಕು, ಅಂಥದ್ದು ಬೇಕು ನಮಗೆ. ಯಾವುದನ್ನು ನೋಡೋಣ? ಬರೀ ಹೆಸರು ಬೇಡ, ಕಾರಣವನ್ನೂ ಹೇಳಿ.

ವಾಸ್ಕೊದಿಂದ ಹಡಗಿನ ಎಂಜಿನಿಯರ್:

ಮೊದಲು ನಿಮ್ಮ ಸೊಸೆಯ ಪರವಾಗಿ ನಾಲ್ಕು ಮಾತು. ನಾನು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು. ಅಲ್ಲಿ ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ, ಕೈಸನ್ನೆಯೇ ಮಾತು. ‘ಎಕ್ಸ್‌ಪಾನ್ಸ್’ನಲ್ಲಿ ಕ್ಷುದ್ರಗ್ರಹಗಳ ನಡುವೆ ದುಡಿಯುವ ಬೆಲ್ಟರ್ ಜನರು ತಲೆಯಾಡಿಸುವ ಬದಲು ಇಡೀ ಕೈ ಎತ್ತಿ ಹೌದು, ಅಲ್ಲ ಎನ್ನುವುದನ್ನು ನೋಡಿದಾಗ ನನಗೆ ಯಾರೂ ವಿವರಿಸಬೇಕಾಗಲಿಲ್ಲ: ಬಾಹ್ಯಾಕಾಶದ ಉಡುಪಿನೊಳಗೆ ತಲೆಯಾಡಿಸಿದರೆ ಯಾರಿಗೆ ಕಾಣುತ್ತದೆ? ಹಡಗು ಅರ್ಧ ದಾರಿಯವರೆಗೆ ವೇಗ ಹೆಚ್ಚಿಸಿಕೊಳ್ಳುತ್ತದೆ, ಆಮೇಲೆ ಹಿಂದುಮುಂದಾಗಿ ತಿರುಗಿ ಅದೇ ಎಂಜಿನ್‌ನಿಂದ ವೇಗ ಇಳಿಸಿಕೊಳ್ಳುತ್ತದೆ. ಎಂಜಿನ್‌ನ ಒತ್ತಡವೇ ಅವರಿಗೆ ಗುರುತ್ವ, ಆದ್ದರಿಂದ ಅಟ್ಟಗಳು ಎಂಜಿನ್ನಿನ ಮೇಲೆ ಒಂದರ ಮೇಲೊಂದು ಇರುತ್ತವೆ. ಇಷ್ಟು ಶ್ರದ್ಧೆಯಿಂದ ಹಡಗು ಕಟ್ಟಿದ ಧಾರಾವಾಹಿ ಇನ್ನೊಂದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಬೆಲ್ಟರ್ ಜನರು ನೆಲೆಸಿದ ಸೀರಿಸ್ ಎಂಬ ಕ್ಷುದ್ರಗ್ರಹದ ಗಾಳಿ, ನೀರು. ಗಾಳಿ ಶುದ್ಧಗೊಳಿಸುವ ಫಿಲ್ಟರ್ ಬದಲಿಸದೆ ದುಡ್ಡು ಉಳಿಸಿಕೊಳ್ಳುವವನನ್ನು ಪತ್ತೇದಾರ ಮಿಲ್ಲರ್ ಹೊರಗಿನ ಶೂನ್ಯಕ್ಕೆ ತೆರೆಯುವ ಏರ್‌ಲಾಕ್‌ಗೆ ನೂಕಿ, ಉಸಿರಿನ ಬೆಲೆ ಎಷ್ಟೆಂದು ತೋರಿಸುವ ದೃಶ್ಯವಿದೆಯಲ್ಲ, ಬಾಡಿಗೆ ಚಾಳಿನಲ್ಲಿ ಬೆಳೆದ ನಾನು ಆಗ ಎದ್ದು ನಿಂತಿದ್ದೆ. ಮೂರು ಸರಣಿಗಳ ನಂತರ 2018ರಲ್ಲಿ ವಾಹಿನಿ ಇದನ್ನು ಕೈಬಿಟ್ಟಾಗ, ಅಭಿಮಾನಿಗಳು ಅಮೆಜಾನ್ ಸ್ಟುಡಿಯೋಸ್ ಕಚೇರಿಯ ಮೇಲೆ ವಿಮಾನದಲ್ಲಿ ಬ್ಯಾನರ್ ಹಾರಿಸಿದರು. ಇನ್ನೂ ಮೂರು ಸರಣಿ ಸಿಕ್ಕವು. ಅವಳು ಎರಡನೆಯ ಸಲ ನೋಡಲಿ, ನೀವೂ ಜೊತೆಗೆ ಕೂರಿ.

ಪುಣೆಯ ರಾತ್ರಿ ಪಾಳಿ:

‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’, 2004ರದ್ದು. ಶೀರ್ಷಿಕೆ ಬರುವಾಗ ಕೇಳಿಸುವುದು ಗಾಯತ್ರಿ ಮಂತ್ರ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಮೊದಲ ಕಂತಿನ ಹೆಸರು ‘33’. ಪ್ರತಿ 33 ನಿಮಿಷಕ್ಕೆ ಶತ್ರು ಬಂದೆರಗುತ್ತಾನೆ, ಐದು ದಿನಗಳಿಂದ ಯಾರೂ ಮಲಗಿಲ್ಲ. ನಾನು ನರ್ಸ್. ನಿದ್ದೆಗೆಟ್ಟವರ ಕಣ್ಣು, ತಡವರಿಸುವ ಮಾತು, ಕಾರಣವಿಲ್ಲದ ಸಿಡುಕು ಇಷ್ಟು ನಿಜವಾಗಿ ಬಂದದ್ದನ್ನು ಬೇರೆಲ್ಲೂ ಕಂಡಿಲ್ಲ. ಶಿಕ್ಷಣ ಸಚಿವೆಯಾಗಿದ್ದು ಅಧ್ಯಕ್ಷೆಯಾದ ರಾಸ್ಲಿನ್, ಯಂತ್ರಮಾನವರ ದಾಳಿಯಿಂದ ಬದುಕುಳಿದವರ ಸಂಖ್ಯೆಯನ್ನು ಬಿಳಿ ಹಲಗೆಯ ಮೇಲೆ ಬರೆದಿಟ್ಟಿರುತ್ತಾಳೆ. ಕಂತಿನುದ್ದಕ್ಕೂ ಅದು ಇಳಿಯುತ್ತದೆ. ಕೊನೆಗೆ ಒಂದು ಮಗು ಹುಟ್ಟಿದ ಸುದ್ದಿ ಬರುತ್ತದೆ, ಅವಳು ಒಂದನ್ನು ಕೂಡಿಸಿ 47,973 ಎಂದು ಬರೆಯುತ್ತಾಳೆ. ಹೆರಿಗೆ ವಾರ್ಡಿನವಳಿಗೆ ಬೇರೆ ಕಾರಣ ಬೇಕೇ?

ಮಾಟುಂಗಾದ ನಿವೃತ್ತ:

ನೀವು ಕೇಳಿದ ಮಾತಿಗೆ ಉತ್ತರ ‘ಬ್ಯಾಬಿಲಾನ್ 5’. ಗಾಯ ಉಳಿಯುವ ಕಥೆ ಬೇಕೆಂದಿರಿ. ಅದರಲ್ಲಿ ಗಾಯವೇ ಕಥೆ. ಜೆ. ಮೈಕೇಲ್ ಸ್ಟ್ರಾಜಿನ್ಸ್ಕಿ ಮೊದಲೇ ಐದು ವರ್ಷದ ಕಾದಂಬರಿಯಂತೆ ಯೋಜಿಸಿದ್ದು. 110 ಕಂತುಗಳಲ್ಲಿ 92ನ್ನು ಅವರೊಬ್ಬರೇ ಬರೆದರು, ಮೂರನೆಯ ಮತ್ತು ನಾಲ್ಕನೆಯ ಸರಣಿಗಳನ್ನಂತೂ ಪೂರ್ತಿಯಾಗಿ.

ಬ್ಯಾಬಿಲಾನ್ 5 ಒಂದು ಬಾಹ್ಯಾಕಾಶ ನಿಲ್ದಾಣ. ಅಲ್ಲಿ ಲಾಂಡೊ ಮೊಲಾರಿ ಸೆಂಟಾರಿ ಸಾಮ್ರಾಜ್ಯದ ರಾಯಭಾರಿ, ಜಕಾರ್ ಆ ಸಾಮ್ರಾಜ್ಯ ತುಳಿದಿದ್ದ ನಾರ್ನ್ ಜನರ ರಾಯಭಾರಿ. 1994ರ ಮೊದಲ ಕಂತಿನಲ್ಲೇ ಲಾಂಡೊ ತನ್ನ ಸಾವಿನ ಕನಸನ್ನು ಹೇಳಿಬಿಡುತ್ತಾನೆ: ಮುದುಕರಾದ ತಾನೂ ಜಕಾರನೂ ಪರಸ್ಪರ ಕುತ್ತಿಗೆ ಹಿಚುಕಿ ಸಾಯುತ್ತೇವೆ ಎಂದು. ಯಕ್ಷಗಾನಕ್ಕೆ ಕೂತವರಿಗೆ ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿರುತ್ತದೆ, ಆದರೂ ಸರೋವರದಿಂದ ಎದ್ದು ಬಂದವನು ಏನು ಹೇಳುತ್ತಾನೆಂದು ಕೇಳಲು ಬೆಳಗಿನವರೆಗೆ ಕೂರುತ್ತೇವೆ. ಇದೂ ಅದೇ ಬಗೆಯ ಕಾಯುವಿಕೆ.

ಎರಡನೆಯ ಸರಣಿಯಲ್ಲಿ ಸೆಂಟಾರಿಗಳು ನಾರ್ನ್ ಗ್ರಹದ ಮೇಲೆ ಬಂಡೆಗಳನ್ನು ಎಸೆದು ಊರೂರನ್ನೇ ಪುಡಿಗಟ್ಟುತ್ತಾರೆ. ಅದಕ್ಕೆ ದಾರಿ ಮಾಡಿಕೊಟ್ಟ ಲಾಂಡೊ ಹಡಗಿನ ಕಿಟಕಿಯ ಬಳಿ ನಿಂತು ನೋಡುತ್ತಾನೆ. ಮಾತಿಲ್ಲ. ನಟ ಪೀಟರ್ ಜುರಾಸಿಕ್ ಮುಖದಲ್ಲಿ ಮೊದಲಿನ ಆ ಕುಡುಕ ವಿನೋದಗಾರ ಎಲ್ಲೂ ಉಳಿದಿಲ್ಲ. ಮುಂದೆ ಲಾಂಡೊನ ಸಹಾಯಕ ವೀರ್, ಲಿಫ್ಟ್‌ನಲ್ಲಿ ಜಕಾರನ ಎದುರು ಸಿಕ್ಕಿಬಿದ್ದು ಕ್ಷಮೆ ಕೇಳುತ್ತಾನೆ. ಜಕಾರ್ ಚಾಕು ತೆಗೆದು ತನ್ನ ಅಂಗೈಯನ್ನೇ ಕೊಯ್ದುಕೊಂಡು, ಒಂದೊಂದು ಹನಿ ನೆತ್ತರನ್ನು ಸತ್ತವರ ಲೆಕ್ಕವಾಗಿ ನೆಲಕ್ಕೆ ಬೀಳಿಸುತ್ತಾನೆ: ಇವರ ಬಳಿ ಹೇಗೆ ಕ್ಷಮೆ ಕೇಳುತ್ತೀಯ ಎಂದು. ಒಳ್ಳೆಯವನಾದ ವೀರ್ ಬಳಿ ಉತ್ತರವಿಲ್ಲ. ಐದನೆಯ ಸರಣಿಯಲ್ಲೂ ಈ ಲೆಕ್ಕ ಮುಗಿದಿರುವುದಿಲ್ಲ.

ಗ್ರಾಫಿಕ್ಸ್ ಹಳೆಯದು, ನಿಜ. ಆದರೆ ಸ್ಟಾರ್‌ಫ್ಯೂರಿ ಎಂಬ ಪುಟ್ಟ ಯುದ್ಧನೌಕೆ ಮುಂದಕ್ಕೆ ಸಾಗುತ್ತಲೇ ಗಿರಕ್ಕನೆ ಹಿಂದೆ ತಿರುಗಿ ಗುಂಡು ಹಾರಿಸುವುದನ್ನು ಸೊಸೆಗೆ ತೋರಿಸಿ. ನ್ಯೂಟನ್ನನ ನಿಯಮವನ್ನು ‘ಎಕ್ಸ್‌ಪಾನ್ಸ್‌’ಗೆ ಎರಡು ದಶಕ ಮೊದಲೇ ಪಾಲಿಸಿದ ಹಡಗು ಅದು.

ಡೊಂಬಿವಲಿಯ ಸೋದರಮಾವ:

ನಾಲ್ಕೂ ಉತ್ತರಗಳನ್ನು ಅವಳಿಗೆ ಓದಿ ಹೇಳಿದೆ. ಬಿಳಿ ಹಲಗೆ ಅವಳಿಗೆ ತುಂಬ ಹಿಡಿಸಿತು, ‘33’ ಇವತ್ತೇ ನೋಡುತ್ತೇವೆ. ಬಳಿಕ ಬ್ಯಾಬಿಲಾನ್. ಮಾಟುಂಗಾದವರೇ, ಮೊದಲ ಸರಣಿ ನಿಧಾನ ಎನ್ನುತ್ತಾರೆ. ರಜೆ ಹೆಚ್ಚು ಉಳಿದಿಲ್ಲ. ಎರಡನೆಯದರಿಂದ ಹಿಡಿಯಬಹುದೇ?

ಮಾಟುಂಗಾದ ನಿವೃತ್ತ:

ಖಂಡಿತ ಬೇಡ. ಸಮಯವಿಲ್ಲದಿದ್ದರೆ ಮೊದಲ ಸರಣಿಯ ನಡುವೆ ಕೆಲವನ್ನು ಬಿಡಿ, ಆದರೆ ಮೊದಲ ಕಂತನ್ನೂ ‘ಸೈನ್ಸ್ ಅಂಡ್ ಪೋರ್ಟೆಂಟ್ಸ್’ ಎಂಬುದನ್ನೂ ಬಿಡಬೇಡಿ. ಮಾರ್ಡನ್ ಎಂಬ ಅಪರಿಚಿತ ಅದರಲ್ಲಿ ರಾಯಭಾರಿಗಳ ಬಾಗಿಲಿಗೆ ಹೋಗಿ, ನಿನಗೇನು ಬೇಕು ಎಂದು ಕೇಳುತ್ತಾನೆ. ಜಕಾರನಿಗೆ ಸೇಡು ಬೇಕು, ಅದರಾಚೆ ಏನೂ ತೋಚುವುದಿಲ್ಲ. ಲಾಂಡೊನಿಗೆ ಹಳೆಯ ಸಾಮ್ರಾಜ್ಯದ ವೈಭವ ಬೇಕು. ಮಾರ್ಡನ್ ಯಾರನ್ನು ಆರಿಸಿಕೊಂಡ, ಏಕೆ ಆರಿಸಿಕೊಂಡ ಎಂಬುದನ್ನು ಅಲ್ಲೇ ಹಿಡಿಯದಿದ್ದರೆ, ನಾರ್ನ್ ಸುಡುವಾಗ ಕಿಟಕಿಯ ಬಳಿ ನಿಂತವನು ನಿಮಗೆ ಬರೀ ಖಳನಾಯಕನಾಗಿ ಕಾಣುತ್ತಾನೆ.