‘ಏನೂ ಆಗಿಲ್ಲ’ ಎನ್ನಲು ಕಲಿತ ಮಗ

ಹನ್ನೊಂದು ವರ್ಷದ ಮಗ ಶಾಲೆಯಿಂದ ಅಳುತ್ತಾ ಬಂದರೆ ಮೈದಡವಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೋ, ಇಲ್ಲವೇ ಹೊರದೇಶದಲ್ಲಿ ಬೆಳೆಯುವ ಹುಡುಗ ಗಟ್ಟಿಯಾಗಲಿ ಎಂದು ಕಂಡೂ ಕಾಣದಂತೆ ಇರಬೇಕೋ ಎಂದು ಹೊರದೇಶಗಳಲ್ಲಿರುವ ಕನ್ನಡಿಗರ ನಮ್ಮ ಗುಂಪಿನ ತಾಯಿಯೊಬ್ಬರು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಉತ್ತರಿಸಿದವರಲ್ಲಿ ಹೆಚ್ಚಿನವರು ತಾಯಂದಿರೇ. ವೀಸಾ, ತೆರಿಗೆ, ಮನೆಸಾಲದ ಬಡ್ಡಿ ಎಂದರೆ ನಡುರಾತ್ರಿಯಲ್ಲೂ ಪುಟಗಟ್ಟಲೆ ಬರೆಯುವ ನಮಗೆ, ತಂದೆಯರಿಗೆ, ಈ ಪ್ರಶ್ನೆಗೆ ಮಾತ್ರ ಬಿಡುವಾಗಲಿಲ್ಲ. ಆ ಮೌನದಲ್ಲಿ ನನ್ನ ಪಾಲೂ ಇರುವುದರಿಂದ ತಡವಾಗಿಯಾದರೂ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಮಗ ಆಟದಲ್ಲಿ ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದ್ದರೂ ಎರಡು ದಿನ ಯಾರಿಗೂ ಹೇಳದೆ ಓಡಾಡಿಕೊಂಡಿದ್ದ. ಅವನು ಒಂದೇ ಕೈಯಲ್ಲಿ ಶೂ ಲೇಸ್ ಕಟ್ಟಲು ಹೆಣಗುತ್ತಿದ್ದುದನ್ನು ಕಂಡ ಅವನ ತಾಯಿ ಏನಾಯಿತೆಂದು ಕೇಳಿದಾಗ, ಮನೆಯಲ್ಲಿ ನಾವು ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ಅಂದು ಅಚ್ಚ ಕನ್ನಡದಲ್ಲಿ ‘ಏನೂ ಆಗಿಲ್ಲ’ ಅಂದ. ಆ ದನಿ, ಅನ್ನುವಾಗ ಮುಖವನ್ನು ಪಕ್ಕಕ್ಕೆ ಹೊರಳಿಸಿಕೊಂಡ ರೀತಿ, ಎರಡೂ ನನ್ನವೇ. ಅವನ ಕನ್ನಡ ಉಚ್ಚಾರಣೆ ಅಷ್ಟು ಸ್ಪಷ್ಟವಾಗಿದ್ದುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವನು ಅದನ್ನು ಯಾವಾಗ ಕಲಿತನೆಂಬುದೂ ನನಗೆ ಗೊತ್ತು. ಅದರ ಹಿಂದಿನ ಚಳಿಗಾಲದಲ್ಲಿ ನನ್ನ ಕೆಲಸ ಹೋಗಿತ್ತು. ಅಮೆರಿಕದಲ್ಲಿ ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿರುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ದೇಶಗಳಲ್ಲಿರುವ ಸದಸ್ಯರಿಗಾಗಿ ಹೇಳುವುದಾದರೆ, 2017ರಲ್ಲಿ ಜಾರಿಗೆ ಬಂದ ನಿಯಮದಂತೆ ಕೆಲಸ ಹೋದವನಿಗೆ ಹೆಚ್ಚೆಂದರೆ 60 ದಿನಗಳ ಅವಕಾಶವಿದೆ, ಅಷ್ಟರೊಳಗೆ ಬೇರೆ ಕೆಲಸವೋ ಬೇರೆ ವೀಸಾ ದರ್ಜೆಯೋ ಆಗದಿದ್ದರೆ ಹೆಂಡತಿ ಮಕ್ಕಳೊಡನೆ ಹೊರಡಬೇಕು. ಆ ದಿನಗಳಲ್ಲಿ ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಮಗ ಬಾಗಿಲಲ್ಲಿ ನಿಂತು ಏನಾದರೂ ಆಗಿದೆಯೇ ಎಂದು ಎರಡು ಸಲ ಕೇಳಿದ್ದ. ಎರಡೂ ಸಲ ಒಂದೇ ಉತ್ತರ ಕೊಟ್ಟೆ.

ನಾನು ಹೆಂಡತಿಗೆ ಹೇಳಿದ್ದು ಹನ್ನೆರಡನೆಯ ದಿನ, ಗೆಳೆಯನೊಬ್ಬನಿಗೆ ಹೇಳಿದ್ದು ಮೂವತ್ತೆಂಟನೆಯ ದಿನ. ಕೊನೆಗೆ ಕೆಲಸ ಸಿಕ್ಕಿದ್ದು ಆ ಗೆಳೆಯನ ಮೂಲಕವೇ. ಗಂಡಸಾದವನು ತನ್ನ ಭಾರವನ್ನು ತಾನೇ ಹೊರಬೇಕು, ಅದೇ ಪೌರುಷ ಎನ್ನುವವರಿಗೆ ನಾನು ಈ ಲೆಕ್ಕವನ್ನಷ್ಟೇ ತೋರಿಸಬಲ್ಲೆ: ಅರವತ್ತು ದಿನಗಳಲ್ಲಿ ಮೂವತ್ತೆಂಟನ್ನು ಮರ್ಯಾದೆ ತಿಂದುಹಾಕಿತು.

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತು ಹಳೆಯದಾದರೂ, ವಲಸೆಯ ಕಾನೂನು ಅದಕ್ಕೆ ಹೊಸ ಮೊಹರು ಒತ್ತಿಕೊಡುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಅಮೆರಿಕದಲ್ಲಿ ಕಾಯಂ ನೆಲೆಸಲು ಬೇಕಾದ ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿಯಿರುವುದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. ಅದು ಕೈಗೆ ಬರುವವರೆಗೆ ಒಬ್ಬರ ಕೆಲಸವೇ ಇಡೀ ಮನೆಯ ನೆಲೆ. ಎಚ್-1ಬಿಯವರ ಅವಲಂಬಿತ ವೀಸಾದಲ್ಲಿರುವ ಸಂಗಾತಿಗೆ ದುಡಿಯುವ ಅನುಮತಿ ದೊರೆಯತೊಡಗಿದ್ದೇ 2015ರಲ್ಲಿ, ಅದೂ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದ ಕುಟುಂಬಗಳಿಗೆ ಮಾತ್ರ. ಕಾಗದದ ಮೇಲೆ ಈ ನಿಯಮ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ. ಆದರೆ ಹೆಂಡತಿಯ ವೀಸಾದ ಮೇಲೆ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದ ಪರಿಚಿತರೊಬ್ಬರನ್ನು ಪ್ರತಿ ಕೂಟದಲ್ಲೂ ‘ಮತ್ತೆ, ನೀವೇನು ಮಾಡಿಕೊಂಡಿದ್ದೀರಿ?’ ಎಂದು ನಾವು ಕೇಳುತ್ತಿದ್ದೆವು. ಅವರು ಹೇಳಿದ ಮೇಲೆ ಒಂದು ಸಣ್ಣ ನಗೆ ಬೇರೆ. ಅವರು ಕ್ರಮೇಣ ಕೂಟಗಳಿಗೆ ಬರುವುದನ್ನೇ ಬಿಟ್ಟರು. ಅದೇ ಉತ್ತರವನ್ನು ಹೆಂಗಸೊಬ್ಬರು ಕೊಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ ಎಂಬುದರಲ್ಲಿ ಹೆಂಗಸರ ಮೇಲಿನ ಗೌರವವೇನೂ ಇಲ್ಲ. ಅದು ಅವರದೇ ಕೆಲಸವೆಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ, ಅಷ್ಟೆ.

ಯುರೋಪಿನಲ್ಲಿರುವ ಸದಸ್ಯರು ಮಗು ಹುಟ್ಟಿದಾಗ ತಂದೆ ತಾಯಿಗೆ ಸಿಗುವ ರಜೆಯ ಅಲ್ಲಿನ ವ್ಯವಸ್ಥೆಯ ಬಗ್ಗೆ ಬರೆದದ್ದು ಸರಿಯಾಗಿದೆ. ಸ್ವೀಡನ್ನಿನಲ್ಲಿ ಮಗುವೊಂದಕ್ಕೆ 480 ದಿನಗಳ ಭತ್ಯೆಸಹಿತ ರಜೆಯಿದ್ದು, ಅದರಲ್ಲಿ ತಂದೆ ತಾಯಿ ಇಬ್ಬರಿಗೂ ತಲಾ 90 ದಿನಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಾಗದಂತೆ ಕಾದಿರಿಸಿದ್ದಾರೆ. ಆದರೆ ಕಾನೂನು ಕೊಟ್ಟದ್ದನ್ನು ಗಂಡಸು ಕೈಚಾಚಿ ತೆಗೆದುಕೊಳ್ಳಬೇಕಲ್ಲ. ಜಪಾನಿನ ತಂದೆಯರಿಗೆ ಕಾನೂನಿನಲ್ಲಿ ಬಹು ಉದಾರವಾದ ರಜೆಯಿದ್ದರೂ 2012ರಲ್ಲಿ ಅದನ್ನು ಪಡೆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಇಲ್ಲಿ ನಮ್ಮ ಕಚೇರಿ ಕೊಡುತ್ತಿದ್ದ ಪಿತೃತ್ವ ರಜೆಯಲ್ಲಿ ನಾನು ಬಳಸಿದ್ದು ಒಂದು ವಾರ. ಉಳಿದದ್ದನ್ನು ಬಿಡಲು ಯಾರೂ ಹೇಳಿರಲಿಲ್ಲ.

ಇನ್ನು ಅಳುವಿನ ವಿಷಯ. ‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದವರು; ಒಂದೇ ಏಟಿಗೆ ಇಬ್ಬರ ಬಾಯನ್ನೂ ಕಟ್ಟಿದ ಮಾತದು. ಬಾಯಿ ಕಟ್ಟಿದ್ದರ ಪರಿಣಾಮವನ್ನು ತೋರಿಸುವ ಅಂಕಿಗಳು ಇವೆ. ಜಗತ್ತಿನಲ್ಲಿ ಗಂಡಸರ ಆತ್ಮಹತ್ಯೆಯ ಪ್ರಮಾಣ ಹೆಂಗಸರದಕ್ಕಿಂತ ಸುಮಾರು ಎರಡು ಪಟ್ಟಿದೆ, ಭಾರತದಲ್ಲಿ ಹೀಗೆ ಸಾಯುವ ಹತ್ತು ಜನರಲ್ಲಿ ಏಳು ಮಂದಿ ಗಂಡಸರು. ಮೌನವೊಂದೇ ಇದಕ್ಕೆ ಕಾರಣವೆಂದು ಹೇಳಲಾರೆ, ಸಾಲ, ಕುಡಿತ, ಕಾಯಿಲೆ ಎಲ್ಲವೂ ಇರುತ್ತವೆ. ಆದರೆ ಸಾಲವಿದೆಯೆಂದು, ಕಾಯಿಲೆಯಿದೆಯೆಂದು ಹೇಳಿಕೊಳ್ಳಲಾಗದೆ ಇರುವುದು ಅವುಗಳ ಮೇಲೆ ಹೇರಿದ ಇನ್ನೊಂದು ಹೊರೆ.

ಮಗನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ರಾತ್ರಿ ನನಗೆ ಹೊಳೆದ ಸಂಗತಿಯೊಂದಿದೆ, ಮುಖ್ಯವಾಗಿ ಅದನ್ನು ಹೇಳಲೆಂದೇ ಇಷ್ಟು ಬರೆದದ್ದು. ಮಕ್ಕಳಿಗೆ ಕನ್ನಡ ಉಳಿಯಬೇಕೆಂದು ವಾರಾಂತ್ಯದಲ್ಲಿ ತರಗತಿ ನಡೆಸುತ್ತೇವೆ, ಅಕ್ಷರ ತಿದ್ದಿಸುತ್ತೇವೆ. ಆದರೆ ನಾನು ಮಗನೊಡನೆ ಆಡುತ್ತಿದ್ದ ಕನ್ನಡವನ್ನು ಒಂದು ದಿನದ ಮಟ್ಟಿಗೆ ಎಣಿಸಿದರೆ ಅದು ಏಳು, ಬೇಗ ಮಾಡು, ಓದು, ಸುಮ್ಮನಿರು, ಮಲಗು ಎಂಬ ಅಪ್ಪಣೆಗಳ ಕನ್ನಡವೇ ಆಗಿತ್ತು. ಮಗಳೊಡನೆ ಹಾಗಿರಲಿಲ್ಲ. ಅವಳಿಗೆ ಕತೆ ಹೇಳುತ್ತಿದ್ದೆ, ಅವಳು ಮುನಿಸಿಕೊಂಡರೆ ಯಾಕೆಂದು ಕೇಳುತ್ತಿದ್ದೆ, ಹಾಗಾಗಿ ಅವಳ ಕನ್ನಡದಲ್ಲಿ ಬೇಜಾರು, ಹೆದರಿಕೆ, ಮುನಿಸು ಎಲ್ಲವೂ ಇದ್ದವು. ಮಗನು ತನ್ನ ದುಃಖವನ್ನು ಇಂಗ್ಲಿಷಿನಲ್ಲಿ ಶಾಲೆಯ ಆಪ್ತಸಮಾಲೋಚಕರೆದುರು ಹೇಳಿಕೊಳ್ಳಬಲ್ಲವನಾಗಿದ್ದ, ಅಪ್ಪನ ಭಾಷೆಯಲ್ಲಿ ಅವನಿಗೆ ಗೊತ್ತಿದ್ದುದು ‘ಏನೂ ಆಗಿಲ್ಲ’ ಮಾತ್ರ.

ವಿಚಿತ್ರವೆಂದರೆ ದುಃಖ ಹೇಳಿಕೊಳ್ಳುವ ಮಾತಿಗೆ ನಮ್ಮ ಭಾಷೆ ಬಡವಾದುದಲ್ಲ. ತಳಮಳ, ಅಳುಕು, ದುಗುಡ, ಕಸಿವಿಸಿ, ಸಂಕಟ, ಹಳಹಳಿಕೆ ಎಂದು ಒಂದೊಂದಕ್ಕೂ ಬೇರೆ ಹೆಸರಿದೆ. ಜೊತೆಗೆ ಕನ್ನಡದ ವ್ಯಾಕರಣವೇ ಇದನ್ನು ಹಗುರ ಮಾಡುತ್ತದೆ: ನಿದ್ದೆ ಬರುವಂತೆ ಅಳುವೂ ಬರುತ್ತದೆ, ಹಸಿವಾಗುವಂತೆ ಭಯವೂ ಆಗುತ್ತದೆ. ‘ನನಗೆ ಭಯವಾಗಿದೆ’ ಎನ್ನುವವನು ತಾನು ಹೇಡಿಯೆಂದು ಒಪ್ಪಿಕೊಂಡಂತಲ್ಲ. ಬಂದಿರುವುದೊಂದನ್ನು ಸುದ್ದಿ ಹೇಳಿದಂತೆ ಹೇಳುತ್ತಾನೆ.

ಮೆತ್ತಗೆ ಬೆಳೆಸಿದ ಹುಡುಗನನ್ನು ಶಾಲೆಯಲ್ಲಿ ಕಾಡದೆ ಬಿಡುವುದಿಲ್ಲ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕಲಾರೆ, ಮೈಬಣ್ಣಕ್ಕೂ ಹೆಸರಿಗೂ ಕಾಡಿಸುವವರು ಇದ್ದೇ ಇದ್ದಾರೆ. ಆದರೆ ಕಾಡಿಸಿಕೊಂಡ ಹುಡುಗ ಮನೆಗೆ ಬಂದು ಅದನ್ನು ಹೇಳದಿದ್ದರೆ ನಾವು ಶಾಲೆಗೆ ಹೋಗಿ ಕೇಳುವುದಾದರೂ ಹೇಗೆ? ಆದ್ದರಿಂದ ಪ್ರಶ್ನೆ ಕೇಳಿದ ತಾಯಿಗೆ ನನ್ನ ಉತ್ತರ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದಷ್ಟೂ ಅವನ ತಂದೆಯೇ ಕೂರಿಸಿಕೊಳ್ಳಲಿ.

ನಮ್ಮ ಮನೆಯಲ್ಲಿ ಈಗ ರಾತ್ರಿ ಹೊತ್ತು ಆ ದಿನ ನನಗೇನು ಕಷ್ಟವಾಯಿತೆಂದು ಮೊದಲು ನಾನು ಹೇಳುತ್ತೇನೆ, ಆಮೇಲೆ ಮಗ. ಮೊದಲ ಕೆಲವು ವಾರ ಇಬ್ಬರಿಗೂ ನಾಚಿಕೆಯಾಗುತ್ತಿತ್ತು. ಕಸಿವಿಸಿ ಎಂಬ ಪದ ಅವನಿಗೆ ಹಿಡಿಸಿಬಿಟ್ಟಿದೆ; ಪರೀಕ್ಷೆಯ ಹಿಂದಿನ ದಿನಕ್ಕೂ, ಗೆಳೆಯರು ಕರೆಯದೆ ಹೋದದ್ದಕ್ಕೂ, ಬಿಗಿಯಾದ ಶೂಗೂ ಅದನ್ನೇ ಬಳಸುತ್ತಾನೆ. ನಾನಿನ್ನೂ ತಿದ್ದಲು ಹೋಗಿಲ್ಲ.